ಚಲನಶಕ್ತಿ: ಯಾರ ಲೆಕ್ಕದಲ್ಲಿ?

ತರಗತಿಯ ಬೆಂಚಿನ ಮೇಲೆ ಕುಳಿತಿರುವ, 50 ಕಿಲೋಗ್ರಾಂ ದ್ರವ್ಯರಾಶಿಯ ವಿದ್ಯಾರ್ಥಿಯೊಬ್ಬನ ಚಲನಶಕ್ತಿ ಎಷ್ಟು? ಹೀಗೆ ಕೇಳಿದೊಡನೆ 'ಸೊನ್ನೆ' ಎಂಬ ಉತ್ತರ ಒಕ್ಕೊರಲಿನಿಂದ ಬರುತ್ತದೆ. ಕುಳಿತವನಿಗೆ ಚಲನೆ ಎಲ್ಲಿಯದು? ಆದರೆ ಭೂಮಿಯು ತನ್ನ ಅಕ್ಷದ ಸುತ್ತ ತಿರುಗುತ್ತಿರುವುದರಿಂದ, ಬೆಂಗಳೂರಿನಲ್ಲಿ ಕುಳಿತ ಈ ವಿದ್ಯಾರ್ಥಿ ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ ಪೂರ್ವ ದಿಕ್ಕಿಗೆ ಸಾಗುತ್ತಿದ್ದಾನೆ. ಭೂಕೇಂದ್ರವನ್ನು ನಿಶ್ಚಲವೆಂದು ಎಣಿಸಿದರೆ ಅವನ ಚಲನಶಕ್ತಿ ಸುಮಾರು 50 ಲಕ್ಷ ಜೂಲ್. ಭೂಮಿಯಾದರೋ ಸೂರ್ಯನನ್ನು ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದೆ. ಸೂರ್ಯನನ್ನು ನಿಶ್ಚಲವೆಂದು ಎಣಿಸಿದರೆ ಅದೇ ವಿದ್ಯಾರ್ಥಿಯ ಪಾಲಿಗೆ ಸುಮಾರು 2,250 ಕೋಟಿ ಜೂಲ್!

ಇವುಗಳಲ್ಲಿ ನಿಜವಾದುದು ಯಾವುದು? ಎಲ್ಲವೂ ನಿಜವೇ. ಯಾವುದನ್ನು ನಿಶ್ಚಲವೆಂದು ಇಟ್ಟುಕೊಂಡು ನಾವು ವೇಗವನ್ನು ಅಳೆಯುತ್ತೇವೆಯೋ ಅದಕ್ಕೆ ಆಧಾರ ಚೌಕಟ್ಟು ಎಂದು ಹೆಸರು. ಚೌಕಟ್ಟು ಬದಲಾದರೆ ವೇಗ ಬದಲಾಗುತ್ತದೆ. ವೇಗ ಬದಲಾದರೆ ಚಲನಶಕ್ತಿಯೂ ಬದಲಾಗಲೇಬೇಕು. ಆದರೆ ನಮ್ಮ ವಿದ್ಯಾರ್ಥಿಗಳು ಕಂಠಪಾಠ ಮಾಡುವ ವ್ಯಾಖ್ಯೆ ಏನು ಹೇಳುತ್ತದೆ? 'ವಸ್ತುವು ತನ್ನ ಚಲನೆಯ ಕಾರಣದಿಂದ ಹೊಂದಿರುವ ಶಕ್ತಿಯೇ ಚಲನಶಕ್ತಿ.' ಈ 'ಹೊಂದಿರುವ' ಎಂಬ ಮಾತಿನಲ್ಲಿಯೇ ತೊಡಕಿದೆ ಎಂಬುದು ನಮ್ಮ ಅಭಿಪ್ರಾಯ. ಜೇಬಿನಲ್ಲಿ ಹಣವಿರುವಂತೆ ವಸ್ತುವಿನೊಳಗೆ ಶಕ್ತಿ ಅಡಗಿದೆ ಎಂಬ ಭಾವನೆಯನ್ನು ಅದು ಮೂಡಿಸುತ್ತದೆ. ದ್ರವ್ಯರಾಶಿ ವಸ್ತುವಿನದೇ ಸರಿ. ಆದರೆ ಚಲನಶಕ್ತಿ ವಸ್ತುವಿಗೂ ಅದನ್ನು ಅಳೆಯುವವನಿಗೂ ನಡುವಣ ಸಂಬಂಧವನ್ನು ಹೇಳುವ ಸಂಖ್ಯೆ.

ಇದನ್ನು ನಾವು ಪಾಂಡಿತ್ಯದ ಬಲದಿಂದ ಹೇಳುತ್ತಿಲ್ಲ; ಒಮ್ಮೆ ಮಾಡಿದ ತಪ್ಪಿನಿಂದ ಕಲಿತು ಹೇಳುತ್ತಿದ್ದೇವೆ. ಅಧ್ಯಾಪಕ ವೃತ್ತಿಯ ಮೊದಲ ವರ್ಷಗಳಲ್ಲಿ ವಿದ್ಯಾರ್ಥಿಯೊಬ್ಬ ಒಂದು ಲೆಕ್ಕವನ್ನು ನಮ್ಮ ಮುಂದಿಟ್ಟ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಓಡುವ ರೈಲಿನಲ್ಲಿ ನಿಂತ ಹುಡುಗನೊಬ್ಬ 0.2 ಕಿಲೋಗ್ರಾಂ ಚೆಂಡನ್ನು ಮುಂದಕ್ಕೆ, ತನಗೆ ಸಾಪೇಕ್ಷವಾಗಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಎಸೆಯುತ್ತಾನೆ. ಹುಡುಗನ ಲೆಕ್ಕದಂತೆ ಚೆಂಡಿಗೆ ಬಂದ ಶಕ್ತಿ 10 ಜೂಲ್. ಹಳಿಯ ಪಕ್ಕದಲ್ಲಿ ನಿಂತವನ ಲೆಕ್ಕದಂತೆ ಚೆಂಡಿನ ವೇಗ 20ರಿಂದ 30ಕ್ಕೆ ಏರಿತು. ಅದರ ಚಲನಶಕ್ತಿ 40 ಜೂಲ್‌ಗಳಿಂದ 90 ಜೂಲ್‌ಗಳಿಗೆ ಏರಿತು. ಬಂದ ಶಕ್ತಿ 50 ಜೂಲ್. "ತೋಳು ಕೊಟ್ಟದ್ದು ಹತ್ತೇ ಅಲ್ಲವೆ ಸಾರ್? ಉಳಿದ ನಲವತ್ತು ಯಾರದು?" ಎಂದು ಅವನು ಕೇಳಿದ.

ನೆಲದ ಮೇಲೆ ನಿಂತವನ ಲೆಕ್ಕವೇ ನಿಜ, ರೈಲಿನೊಳಗಿನದು ತೋರಿಕೆ ಎಂದು ಹೇಳಿ ಅವನನ್ನು ಕುಳ್ಳಿರಿಸಿದೆವು. ಉತ್ತರ ತಪ್ಪಾಗಿತ್ತು, ಅಷ್ಟೇ ಅಲ್ಲ, ಒಳ್ಳೆಯ ಪ್ರಶ್ನೆಯೊಂದರ ಬಾಯಿ ಮುಚ್ಚಿಸಿದಂತಾಗಿತ್ತು.

ಸರಿಯಾದ ಉತ್ತರ ಹೀಗಿದೆ. ಎಸೆತಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗ ಹಿಡಿಯಿತೆನ್ನೋಣ. ಆಗ ಕೈಯ ಸರಾಸರಿ ಬಲ 20 ನ್ಯೂಟನ್. ರೈಲಿನೊಳಗಿನವನಿಗೆ ಕೈ ಚೆಂಡನ್ನು ತಳ್ಳಿದ ದೂರ ಅರ್ಧ ಮೀಟರ್. ಆದುದರಿಂದ ನಡೆದ ಕೆಲಸ 10 ಜೂಲ್. ನೆಲದ ಮೇಲಿನವನಿಗೆ ಅದೇ ಅವಧಿಯಲ್ಲಿ ರೈಲೂ 2 ಮೀಟರ್ ಸಾಗಿದ್ದರಿಂದ ಆ ದೂರ ಎರಡೂವರೆ ಮೀಟರ್. ಕೆಲಸ 50 ಜೂಲ್. ಆದರೆ ಚೆಂಡನ್ನು ಮುಂದಕ್ಕೆ ತಳ್ಳುವಾಗ ಹುಡುಗನ ಪಾದಗಳು ರೈಲಿನ ನೆಲವನ್ನು ಅಷ್ಟೇ ಬಲದಿಂದ ಹಿಂದಕ್ಕೆ ಒತ್ತಿದುವಷ್ಟೆ. ಆ 20 ನ್ಯೂಟನ್ ಬಲದ ಎದುರಿಗೆ ರೈಲು 2 ಮೀಟರ್ ಸಾಗಿತು. ಹೀಗಾಗಿ ರೈಲಿನಿಂದ ಹೊರಟುಹೋದ ಶಕ್ತಿ ಸರಿಯಾಗಿ 40 ಜೂಲ್! ತೋಳಿನ ಸ್ನಾಯುಗಳು ವ್ಯಯಿಸಿದ್ದು ಎರಡೂ ಲೆಕ್ಕಗಳಲ್ಲಿ ಹತ್ತೇ; ಉಳಿದ ನಲವತ್ತು ರೈಲಿನ ಕೊಡುಗೆ. ಅಂಗಡಿಕಾರನ ಕಿರ್ದಿಯಲ್ಲಿ ಜಮಾ ಖರ್ಚುಗಳು ತಾಳೆಯಾಗುವಂತೆ ಪ್ರತಿಯೊಂದು ಚೌಕಟ್ಟಿನಲ್ಲಿಯೂ ಶಕ್ತಿಯ ಲೆಕ್ಕ ತಾಳೆಯಾಗುತ್ತದೆ. ಒಬ್ಬನ ಕಿರ್ದಿಯ ಜಮೆಯನ್ನು ಇನ್ನೊಬ್ಬನ ಕಿರ್ದಿಯ ಖರ್ಚಿಗೆ ಎದುರಿಟ್ಟಾಗ ಮಾತ್ರ ಗೊಂದಲ.

ಹಾಗಾದರೆ ಎಲ್ಲವೂ ಅವರವರ ದೃಷ್ಟಿಯೇ, ಗಟ್ಟಿಯಾದುದು ಯಾವುದೂ ಇಲ್ಲವೆ? ಉಂಟು. ತಲಾ 1,000 ಕಿಲೋಗ್ರಾಂನ ಎರಡು ಕಾರುಗಳು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಎದುರುಬದುರಾಗಿ ಬಂದು ಡಿಕ್ಕಿ ಹೊಡೆದು, ಒಂದಕ್ಕೊಂದು ಅಂಟಿಕೊಂಡು ನಿಂತುಬಿಟ್ಟವೆನ್ನಿ. ರಸ್ತೆಯ ಲೆಕ್ಕದಲ್ಲಿ 4 ಲಕ್ಷ ಜೂಲ್ ಚಲನಶಕ್ತಿ ಪೂರ್ತಿಯಾಗಿ ಲೋಹವನ್ನು ಜಜ್ಜುವುದಕ್ಕೂ ಶಾಖಕ್ಕೂ ವ್ಯಯವಾಯಿತು. ಈಗ ಪಕ್ಕದ ದಾರಿಯಲ್ಲಿ, ಮೊದಲನೆಯ ಕಾರಿನ ವೇಗದಲ್ಲಿ ಅದರ ದಿಕ್ಕಿಗೇ ಸಾಗುತ್ತಿರುವ ಮೂರನೆಯ ಕಾರಿನಿಂದ ನೋಡೋಣ. ಮೊದಲನೆಯದು ನಿಶ್ಚಲ, ಎರಡನೆಯದರ ವೇಗ ಸೆಕೆಂಡಿಗೆ 40 ಮೀಟರ್, ಚಲನಶಕ್ತಿ 8 ಲಕ್ಷ ಜೂಲ್. ಆದರೆ ಡಿಕ್ಕಿಯ ನಂತರ ಎರಡು ಕಾರುಗಳೂ ಸೇರಿ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹಿಂದಕ್ಕೆ ಸರಿಯುತ್ತಿರುವಂತೆ ಕಾಣುತ್ತವೆ. ಅವುಗಳಲ್ಲಿ ಇನ್ನೂ 4 ಲಕ್ಷ ಜೂಲ್ ಉಳಿದಿದೆ. ಕಳೆದರೆ, ವ್ಯಯವಾದುದು ಅದೇ 4 ಲಕ್ಷ ಜೂಲ್! ಸಮವೇಗದಿಂದ ಸಾಗುವ ಯಾವ ವೀಕ್ಷಕನು ನೋಡಿದರೂ ಜಜ್ಜಿಹೋದ ಲೋಹಕ್ಕೆ ಒಂದೇ ಲೆಕ್ಕ. ಬದಲಾಗುವುದು ಯಾವುದು, ಬದಲಾಗದುದು ಯಾವುದು ಎಂಬ ಈ ವಿವೇಕವೇ ಭೌತಶಾಸ್ತ್ರದ ಜೀವಾಳ.

ಇದು ಬರಿಯ ಕಾಗದದ ಮೇಲಿನ ಚಮತ್ಕಾರವೆಂದು ಯಾರೂ ಭಾವಿಸಬಾರದು. 1977ರಲ್ಲಿ ಅಮೆರಿಕ ಹಾರಿಸಿದ ವಾಯೇಜರ್-2 ನೌಕೆ 1979ರಲ್ಲಿ ಗುರುಗ್ರಹದ ಪಕ್ಕದಲ್ಲಿ ಹಾದುಹೋಯಿತು. ಗುರುವಿನ ಚೌಕಟ್ಟಿನಲ್ಲಿ ನೋಡಿದರೆ, ಬಂದ ವೇಗದಲ್ಲಿಯೇ ನೌಕೆ ದೂರ ಸರಿಯಿತು. ದಿಕ್ಕು ಮಾತ್ರ ತಿರುಗಿತು. ಆದರೆ ಗುರುವೇ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 13 ಕಿಲೋಮೀಟರ್ ವೇಗದಲ್ಲಿ ಧಾವಿಸುತ್ತಿದೆಯಷ್ಟೆ. ಆದುದರಿಂದ ಸೂರ್ಯನ ಚೌಕಟ್ಟಿನಲ್ಲಿ ನೌಕೆಗೆ ಅಪಾರ ಶಕ್ತಿ ಲಭಿಸಿತು. ಸೂರ್ಯನ ಹಿಡಿತದಿಂದ ಪಾರಾಗುವಷ್ಟು ವೇಗವೇ ಬಂದಿತು. ರೈಲು ಚೆಂಡಿಗೆ ಕೊಟ್ಟಂತೆ ಗುರು ನೌಕೆಗೆ ಕೊಟ್ಟಿತು. ಅದರ ವೇಗ ಅಳತೆಗೆ ಸಿಕ್ಕದಷ್ಟು ಅತ್ಯಲ್ಪವಾಗಿ ಕುಂದಿತು. ಅಂದು ನಾವು ಕುಳ್ಳಿರಿಸಿದ ವಿದ್ಯಾರ್ಥಿಯ ಪ್ರಶ್ನೆಯೇ ನೌಕೆಯನ್ನು 1981ರಲ್ಲಿ ಶನಿಗೂ, 1986ರಲ್ಲಿ ಯುರೇನಸ್ಸಿಗೂ, 1989ರಲ್ಲಿ ನೆಪ್ಚೂನಿಗೂ ಒಯ್ದ ಉಪಾಯದ ತಿರುಳು.

ಆದುದರಿಂದ ಪಠ್ಯಗಳನ್ನು ರಚಿಸುವವರಲ್ಲಿಯೂ, ಪ್ರಶ್ನೆಪತ್ರಿಕೆಗಳನ್ನು ತಯಾರಿಸುವವರಲ್ಲಿಯೂ ನಮ್ಮ ವಿನಂತಿ ಇಷ್ಟೆ: 'ವಸ್ತುವಿನ ಚಲನಶಕ್ತಿಯನ್ನು ಕಂಡುಹಿಡಿಯಿರಿ' ಎಂದು ಬರೆಯುವಾಗ 'ನೆಲಕ್ಕೆ ಸಾಪೇಕ್ಷವಾಗಿ' ಎಂಬ ಎರಡು ಪದಗಳನ್ನು ಸೇರಿಸಿರಿ. ಇದರಿಂದ ಮಕ್ಕಳಿಗೆ ಹೊರೆ ಹೆಚ್ಚುತ್ತದೆ, ಇಂಥ ಸೂಕ್ಷ್ಮಗಳು ಮೇಲಿನ ತರಗತಿಗಳಿಗೆ ಇರಲಿ ಎನ್ನುವವರುಂಟು. ಅವರ ಕಳಕಳಿ ನಮಗೆ ಅರ್ಥವಾಗುತ್ತದೆ. ಆದರೆ ಮೊದಲು ತಪ್ಪು ಭಾವನೆಯನ್ನು ಬಿತ್ತಿ ಮುಂದೆ ಅದನ್ನು ಕೀಳುವ ಶ್ರಮವೇ ಹೆಚ್ಚಿನದು. ಓಡುವ ಬಸ್ಸಿನಲ್ಲಿ ಕುಳಿತು ಕಿಟಕಿಯಾಚೆ ಮರಗಳು ಹಿಂದಕ್ಕೆ ಓಡುವುದನ್ನು ಕಂಡ ಯಾವ ಹುಡುಗನಿಗೂ ಹುಡುಗಿಗೂ ಸಾಪೇಕ್ಷತೆ ಹೊಸದಲ್ಲ.

ವಿದ್ಯಾರ್ಥಿ ಮಿತ್ರರಿಗೆ ಕಡೆಯದಾಗಿ ಒಂದು ಮಾತು. ಮುಂದೆ ಯಾರಾದರೂ ನಿಮಗೆ ವಸ್ತುವೊಂದರ ಚಲನಶಕ್ತಿ ಇಷ್ಟು ಎಂದರೆ, 'ಯಾರ ಲೆಕ್ಕದಲ್ಲಿ?' ಎಂದು ವಿನಯದಿಂದ ಕೇಳಿರಿ. ಅಧ್ಯಾಪಕರು ಕುಳ್ಳಿರಿಸಿದರೆ ಕುಳಿತುಕೊಳ್ಳಿರಿ. ಪ್ರಶ್ನೆಯನ್ನು ಮಾತ್ರ ಬಿಡಬೇಡಿರಿ.