ತಾಳಗುಂದದ ಕಂಬ ಹೇಳದ ಕಥೆ

ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಸಮೀಪದಲ್ಲಿರುವ ತಾಳಗುಂದ ಇಂದು ಒಂದು ಸಾಧಾರಣ ಹಳ್ಳಿ. ಹಿಂದೆ ಅದು ಸ್ಥಾನಕುಂದೂರೆಂದು ಹೆಸರಾದ ಅಗ್ರಹಾರವಾಗಿತ್ತು. ಅಲ್ಲಿಯ ಪ್ರಣವೇಶ್ವರ ದೇವಾಲಯದ ಮುಂದೆ ಎಂಟು ಮುಖದ ಒಂದು ಕಲ್ಲುಕಂಬವುಂಟು. ಕ್ರಿ. ಶ. ಐದನೆಯ ಶತಮಾನದ ನಡುಗಾಲದಲ್ಲಿ, ಕದಂಬ ದೊರೆ ಶಾಂತಿವರ್ಮನ ಅಪ್ಪಣೆಯಂತೆ, ಕುಬ್ಜನೆಂಬ ಕವಿಯು ತನ್ನ ಸಂಸ್ಕೃತ ಕಾವ್ಯವನ್ನು ಆ ಕಂಬದ ಮೇಲೆ ತಾನೇ ಬರೆದನು. 1902ರಲ್ಲಿ ಪ್ರಕಟವಾದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ರೈಸ್ ಅವರು ಅದನ್ನು ವಿದ್ವಾಂಸರ ಮುಂದಿಟ್ಟಾಗ ಕನ್ನಡ ನಾಡಿನ ಮೊದಲ ರಾಜವಂಶದ ಉದಯಕಥೆ ಬೆಳಕಿಗೆ ಬಂದಿತು.

ಕಥೆ ಸೊಗಸಾದುದು. ಮಾನವ್ಯಗೋತ್ರದ ಬ್ರಾಹ್ಮಣ ತರುಣ ಮಯೂರಶರ್ಮನು ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಪಲ್ಲವರ ರಾಜಧಾನಿ ಕಂಚಿಯ ಘಟಿಕೆಗೆ ಹೋಗುತ್ತಾನೆ. ಅಲ್ಲಿ ಒಬ್ಬ ಪಲ್ಲವ ಕುದುರೆ ಸವಾರನೊಡನೆ ಜಗಳವಾಗುತ್ತದೆ. ಬ್ರಾಹ್ಮಣ್ಯವು ಕ್ಷಾತ್ರದ ಮುಂದೆ ಇಷ್ಟು ದುರ್ಬಲವಾಯಿತೇ ಎಂದು ಅವನು ಕುದಿಯುತ್ತಾನೆ. ದರ್ಭೆ ಸಮಿತ್ತುಗಳನ್ನು ಹಿಡಿದು ಪಳಗಿದ ಕೈಯಲ್ಲಿ ಕತ್ತಿ ಹಿಡಿಯುತ್ತಾನೆ. ಪಲ್ಲವರ ಗಡಿರಕ್ಷಕರನ್ನು ಸೋಲಿಸಿ ಶ್ರೀಪರ್ವತದ ದಟ್ಟ ಕಾಡನ್ನು ಸೇರುತ್ತಾನೆ. ಬೃಹದ್ಬಾಣನೇ ಮೊದಲಾದ ಅರಸರಿಂದ ಕಪ್ಪ ಪಡೆಯುತ್ತಾನೆ. ಕೊನೆಗೆ ಪಲ್ಲವರೇ ಅವನೊಡನೆ ಸಂಧಿ ಮಾಡಿಕೊಂಡು, ಪಡುಗಡಲಿನಿಂದ ಪ್ರೇಹರದವರೆಗಿನ ನಾಡನ್ನು ಬಿಟ್ಟುಕೊಡುತ್ತಾರೆ.

ಶಾಲೆಯ ಪಾಠಪುಸ್ತಕದಲ್ಲಿ ಇದನ್ನು ಓದದ ಕನ್ನಡಿಗರು ವಿರಳ. ಆದರೆ ಒಬ್ಬ ಸವಾರನ ದುಡುಕಿನಿಂದ ಒಂದು ರಾಜ್ಯವೇ ಹುಟ್ಟಿಬಿಡುವುದುಂಟೇ ಎಂಬ ಪ್ರಶ್ನೆ ಮಾತ್ರ ಕೇಳಬೇಕಾದುದು.

ಇಂತಹುದೇ ಪ್ರಶ್ನೆಯನ್ನು ಮಯೂರಶರ್ಮನಿಗಿಂತ ಸುಮಾರು ಏಳುನೂರೈವತ್ತು ವರ್ಷಗಳಷ್ಟು ಹಿಂದೆ ಗ್ರೀಸಿನ ಇತಿಹಾಸಕಾರ ಥುಸಿಡಿಡೀಸನು ಕೇಳಿದನು. ಅಥೆನ್ಸ್ ಮತ್ತು ಸ್ಪಾರ್ಟ ನಗರರಾಜ್ಯಗಳ ನಡುವೆ ಕ್ರಿ. ಪೂ. 431ರಲ್ಲಿ ಮಹಾಯುದ್ಧ ತೊಡಗಿತು. ಹೊರಗೆ ಹೇಳಿದ ಕಾರಣಗಳು ಹಲವು: ಕಾರಿಂಥಿಗೂ ಅದರ ಮಗಳುನಾಡು ಕಾರ್ಸೈರಕ್ಕೂ ಜಗಳ, ಪೊಟಿಡೀಯ ಎಂಬ ಊರಿನ ದಂಗೆ. ಥುಸಿಡಿಡೀಸನು ಇವನ್ನೆಲ್ಲ ವಿವರವಾಗಿ ಬರೆದು, ನಿಜವಾದ ಕಾರಣ ಬೇರೆಯೇ ಎಂದನು. ಅಥೆನ್ಸ್ ಬೆಳೆಯುತ್ತಿತ್ತು, ಆ ಬೆಳವಣಿಗೆ ಸ್ಪಾರ್ಟಕ್ಕೆ ಭಯ ಹುಟ್ಟಿಸಿತ್ತು. ಜಗಳ ಕಿಡಿ ಮಾತ್ರ. ಸೌದೆ ಮೊದಲೇ ಒಣಗಿ ಕುಳಿತಿತ್ತು.

ಕಂಚಿಯಲ್ಲಿಯೂ ಸೌದೆ ಒಣಗಿತ್ತು. ನಾಲ್ಕನೆಯ ಶತಮಾನದ ನಡುಗಾಲದಲ್ಲಿ ಗುಪ್ತ ಚಕ್ರವರ್ತಿ ಸಮುದ್ರಗುಪ್ತನು ದಕ್ಷಿಣಕ್ಕೆ ದಂಡೆತ್ತಿ ಬಂದನು. ಅವನು ಸೆರೆಹಿಡಿದು ಬಿಟ್ಟ ದೊರೆಗಳ ಪಟ್ಟಿಯಲ್ಲಿ ಕಂಚಿಯ ವಿಷ್ಣುಗೋಪನ ಹೆಸರಿದೆಯೆಂಬುದನ್ನು ಅಲಹಾಬಾದಿನ ಕಂಬ ಸಾರುತ್ತದೆ. ಈ ಪೆಟ್ಟಿನಿಂದ ಪಲ್ಲವರ ಹಿಡಿತ ಸಡಿಲವಾದ ಸಂದರ್ಭವೇ ಮಯೂರಶರ್ಮನಿಗೆ ಅನುಕೂಲವಾಯಿತೆಂದು ಅನೇಕ ಇತಿಹಾಸಜ್ಞರು ಊಹಿಸುತ್ತಾರೆ. ಗಡಿಯ ಕಾಡಿನಲ್ಲಿ ನೆಲೆನಿಂತ ಶೂರನನ್ನು ಬಗ್ಗುಬಡಿಯಲಾಗದಿದ್ದರೆ ಅವನನ್ನೇ ಗಡಿಯ ಕಾವಲಿಗೆ ನಿಲ್ಲಿಸುವುದು ಹಳೆಯ ರಾಜನೀತಿ. ಪಲ್ಲವರು ಮಾಡಿದ್ದೂ ಅದನ್ನೇ. ಮಯೂರಶರ್ಮನು ಮೊದಲು ಅವರ ಸೇವೆಗೆ ನಿಂತು ಅನಂತರ ನಾಡನ್ನು ಪಡೆದನೆಂದು ಕುಬ್ಜನೇ ಒಪ್ಪುತ್ತಾನೆ. ಅವಮಾನದ ಕಥೆ ಸುಳ್ಳೆಂದು ಇದರಿಂದ ಹೇಳಲಾಗದು. ನೂರು ವರ್ಷಗಳ ಮೇಲೆ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಹೇಳಲು ಗಡಿಯ ಲೆಕ್ಕಾಚಾರಕ್ಕಿಂತ ಕುದುರೆ ಸವಾರನ ಜಗಳವೇ ಚೆನ್ನಾಗಿತ್ತು, ಅಷ್ಟೆ.

ಕಂಬವು ಮುಂದೆ ವಂಶದ ಏಳಿಗೆಯನ್ನು ಹಾಡುತ್ತದೆ. ಮಯೂರಶರ್ಮನ ಮಗ ಕಂಗವರ್ಮ, ಅವನ ಮಗ ಭಗೀರಥ, ಭಗೀರಥನ ಮಕ್ಕಳು ರಘು ಮತ್ತು ಕಾಕುಸ್ಥವರ್ಮ. ಕಾಕುಸ್ಥನ ಕಾಲದಲ್ಲಿ ಬನವಾಸಿಯ ಕೀರ್ತಿ ಎಷ್ಟಿತ್ತೆಂದರೆ ಅವನ ಹೆಣ್ಣುಮಕ್ಕಳು ಗುಪ್ತರೇ ಮೊದಲಾದ ರಾಜಮನೆತನಗಳಿಗೆ ಸೊಸೆಯರಾಗಿ ಹೋದರು. ತಾಳಗುಂದದ ಶಿವಾಲಯದ ಬಳಿ ದೊಡ್ಡ ಕೆರೆಯನ್ನು ತೋಡಿಸಿದವನೂ ಅವನೇ. ಅವನ ಮಗ ಶಾಂತಿವರ್ಮನ ಹೆಸರು ಬಂದಲ್ಲಿಗೆ ಕುಬ್ಜನ ಕಾವ್ಯ ಮಂಗಳ ಹಾಡುತ್ತದೆ.

ಮಂಗಳದ ಆಚೆಗೆ ನಡೆದುದನ್ನು ಬೇರೆ ಶಾಸನಗಳು ಹೇಳಬೇಕು. ಶಾಂತಿವರ್ಮನ ತಮ್ಮ ಕೃಷ್ಣವರ್ಮನು ರಾಜ್ಯದ ದಕ್ಷಿಣ ಭಾಗದಲ್ಲಿ, ತ್ರಿಪರ್ವತವನ್ನು ನೆಲೆಮಾಡಿಕೊಂಡು ಬೇರೊಂದು ಶಾಖೆಯನ್ನು ಬೆಳೆಸಿದನು, ಅಶ್ವಮೇಧವನ್ನೂ ಮಾಡಿದನು. ಮೊದಮೊದಲು ಮನೆತನದಲ್ಲಿ ಕಹಿ ಇದ್ದಂತೆ ಕಾಣುವುದಿಲ್ಲ. ಕೃಷ್ಣವರ್ಮನ ಮಗ ವಿಷ್ಣುವರ್ಮನು ಬೀರೂರಿನ ತಾಮ್ರಶಾಸನದಲ್ಲಿ ಶಾಂತಿವರ್ಮನನ್ನು ದೊಡ್ಡಪ್ಪನೆಂದು ಗೌರವದಿಂದ ನೆನೆಯುತ್ತಾನೆ. ಆದರೆ ಕೃಷ್ಣವರ್ಮನ ಸೈನ್ಯವು ಪಲ್ಲವರ ಕೈಯಲ್ಲಿ ನುಚ್ಚುನೂರಾಯಿತೆಂದು ಆನಗೋಡಿನ ಸಮೀಪದ ಆನಜಿಯ ಶಿಲಾಶಾಸನ ತಿಳಿಸುತ್ತದೆ. ಇತ್ತ ಹೆಬ್ಬಟದ ತಾಮ್ರಶಾಸನವು ವಿಷ್ಣುವರ್ಮನಿಗೆ ಪಟ್ಟ ಕಟ್ಟಿದವನು ಪಲ್ಲವ ದೊರೆಯೆಂದು ಹೇಳುತ್ತದೆ. ಯಾರ ಮೇಲೆ ಮಯೂರಶರ್ಮನು ಕತ್ತಿ ಹಿರಿದನೋ ಅವರ ಕೈಯಿಂದಲೇ ಅವನ ವಂಶದ ಕುಡಿಯು ಕಿರೀಟ ತೊಟ್ಟಿತು!

ಗ್ರೀಸಿನಲ್ಲಿಯೂ ಹೀಗೆಯೇ ಆಯಿತು. ಕ್ರಿ. ಪೂ. 480ರಲ್ಲಿ ಪಾರಸಿಕ ಚಕ್ರವರ್ತಿ ದಂಡೆತ್ತಿ ಬಂದಾಗ ಅಥೆನ್ಸ್ ಮತ್ತು ಸ್ಪಾರ್ಟ ಹೆಗಲಿಗೆ ಹೆಗಲು ಕೊಟ್ಟು ಹೋರಾಡಿದ್ದವು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಅದೇ ಸ್ಪಾರ್ಟ ಪಾರಸಿಕರ ಹೊನ್ನಿನಿಂದ ಹಡಗುಪಡೆಯನ್ನು ಕಟ್ಟಿ 404ರಲ್ಲಿ ಅಥೆನ್ಸನ್ನು ಮಣಿಸಿತು. ಗೆದ್ದ ಸ್ಪಾರ್ಟವನ್ನು 371ರಲ್ಲಿ ಲ್ಯೂಕ್ಟ್ರದ ಬಯಲಿನಲ್ಲಿ ಥೀಬ್ಸ್ ಮುರಿಯಿತು. ಇವರೆಲ್ಲ ಪರಸ್ಪರ ಬಡಿದಾಡಿ ಬಳಲಿದಾಗ ಉತ್ತರದ ಮ್ಯಾಸಿಡೋನಿಯ ಬಲಿತಿತ್ತು. 338ರಲ್ಲಿ ಕೈರೊನೀಯದ ಯುದ್ಧದಲ್ಲಿ ದೊರೆ ಫಿಲಿಪ್ಪನು ಅಥೆನ್ಸ್ ಮತ್ತು ಥೀಬ್ಸ್‌ಗಳನ್ನು ಒಟ್ಟಿಗೆ ಸೋಲಿಸಿದನು.

ಹೋಲಿಕೆಗೆ ಮಿತಿಯುಂಟು. ಅಥೆನ್ಸಿನಲ್ಲಿ ಯುದ್ಧವನ್ನು ಪೌರರ ಸಭೆ ತೀರ್ಮಾನಿಸುತ್ತಿತ್ತು. ಬನವಾಸಿಯಲ್ಲಿ ಅದು ಅರಮನೆಯ ಮಾತು. ಗ್ರೀಸಿನದು ಊರು ಊರುಗಳ ಹಗೆ, ಇಲ್ಲಿಯದು ದಾಯಾದಿಗಳ ಹಗೆ. ಆದರೂ ಮುಂದಿನ ಹೆಜ್ಜೆಗಳು ಬೆರಗಾಗುವಷ್ಟು ಒಂದೇ ಬಗೆಯವು. ಶಾಂತಿವರ್ಮನ ಮಗ ಮೃಗೇಶವರ್ಮನು ಗಂಗರೊಡನೆಯೂ ಪಲ್ಲವರೊಡನೆಯೂ ಹೋರಾಡಿದನು. ಅವನ ಮಗ ರವಿವರ್ಮನು ವಿಷ್ಣುವರ್ಮನನ್ನು ಕೊಂದು, ಕಂಚಿಯೊಡೆಯ ಚಂಡದಂಡನನ್ನು ಓಡಿಸಿ, ಪಲಾಶಿಕೆಯಲ್ಲಿ, ಎಂದರೆ ಬೆಳಗಾವಿ ಜಿಲ್ಲೆಯ ಹಲಸಿಯಲ್ಲಿ, ನೆಲೆನಿಂತನೆಂದು ಅಲ್ಲಿಯ ತಾಮ್ರಶಾಸನ ಹೆಮ್ಮೆಯಿಂದ ಹೇಳುತ್ತದೆ. ಕೊಂದವನಿಗೆ ಕೊಲೆಯಾದವನು ಚಿಕ್ಕಪ್ಪನ ಸಾಲಿನವನು. ರವಿವರ್ಮನ ಮಗ ಹರಿವರ್ಮನ ತರುವಾಯ ತ್ರಿಪರ್ವತ ಶಾಖೆಯ ಎರಡನೆಯ ಕೃಷ್ಣವರ್ಮನು ಬನವಾಸಿಯಲ್ಲಿ ಆಳುವುದನ್ನು ಕಾಣುತ್ತೇವೆ. ಹಗೆ ತೀರಿತು. ಆದರೆ ಬೊಕ್ಕಸವೂ ಸೈನ್ಯವೂ ಅದರೊಡನೆಯೇ ಕರಗಿದ್ದವು.

ಆ ವೇಳೆಗೆ ಉತ್ತರದಲ್ಲಿ ಬಾದಾಮಿಯ ಬೆಟ್ಟ ಎಚ್ಚತ್ತಿತ್ತು. ಶಕ 465ರಲ್ಲಿ, ಎಂದರೆ ಕ್ರಿ. ಶ. 543ರಲ್ಲಿ, ಚಾಲುಕ್ಯ ಮೊದಲನೆಯ ಪುಲಕೇಶಿಯು ಅಲ್ಲಿ ಕೋಟೆ ಕಟ್ಟಿಸಿದನೆಂದು ಅಲ್ಲಿಯ ಬಂಡೆಯೇ ನುಡಿಯುತ್ತದೆ. ಅವನ ಮಗ ಕೀರ್ತಿವರ್ಮನು ಕದಂಬರನ್ನು ಕೆಡಹಿದನು. ಮೊಮ್ಮಗ ಇಮ್ಮಡಿ ಪುಲಕೇಶಿಯು ವರದಾ ನದಿ ಬಳಸಿದ ಬನವಾಸಿಯ ಕೋಟೆಯನ್ನು ಮುತ್ತಿದನು. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಅದನ್ನು ಹಾಡಿ ಹೊಗಳಿದ್ದಾನೆ. ಆ ಹೊಗಳಿಕೆ ಹಳತಾಗುವ ಮೊದಲೇ, 642ರಲ್ಲಿ, ಕಂಚಿಯ ನರಸಿಂಹವರ್ಮನು ಬಾದಾಮಿಯನ್ನು ಹಿಡಿದನು. ನೂರು ವರ್ಷಗಳ ಅನಂತರ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಹೊಕ್ಕನು; ಆದರೆ ಊರನ್ನು ಸುಲಿಯದೆ, ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಒಪ್ಪಿಸಿ, ಆ ಮಾತನ್ನು ಕನ್ನಡದಲ್ಲಿ ಅಲ್ಲಿಯೇ ಕೆತ್ತಿಸಿದನು. ಸೇಡಿನ ಸರಪಣಿಯಲ್ಲಿ ಒಂದು ಕೊಂಡಿಯನ್ನಾದರೂ ಕಳಚಿದ ಆ ದೊರೆಯನ್ನು ನಾವು ಮಯೂರಶರ್ಮನಷ್ಟು ನೆನೆಯುವುದಿಲ್ಲ.

ಕಂಚಿಯ ಜಗಳದಿಂದ ಕದಂಬ ರಾಜ್ಯ ಹುಟ್ಟಿತೆಂಬುದು ಕಂಬ ಹೇಳುವ ಕಥೆ. ಮನೆಯ ಜಗಳದಿಂದ ಅದು ಕುಂದಿತೆಂಬುದು ಕಂಬ ಹೇಳದ ಕಥೆ. ಮೊದಲನೆಯದನ್ನು ಮಕ್ಕಳಿಗೆ ಹೇಳುವವರು ಎರಡನೆಯದನ್ನೂ ಹೇಳಿದರೆ ಪಾಠ ಪೂರ್ತಿಯಾದೀತು. ಪ್ರಣವೇಶ್ವರನ ಗುಡಿಗೆ ಹೋದವರು ಇನ್ನೊಂದನ್ನೂ ಮರೆಯಬಾರದು. ಆ ಕಂಬವನ್ನು ನಿಲ್ಲಿಸಿದ್ದು ಯಾವ ಗೆಲುವಿಗಾಗಿಯೂ ಅಲ್ಲ. ಕುಬ್ಜನು ಇಷ್ಟೆಲ್ಲ ವಂಶಾವಳಿಯನ್ನೂ ಯುದ್ಧಗಳನ್ನೂ ಹೆಣೆದು ಕೊನೆಗೆ ತಿಳಿಸಬೇಕಾಗಿದ್ದ ಸಂಗತಿ ಒಂದೇ: ಕಾಕುಸ್ಥವರ್ಮನು ಈ ಊರಿನಲ್ಲಿ ನೀರಿಗಾಗಿ ಒಂದು ಕೆರೆಯನ್ನು ತೋಡಿಸಿದನು.