ಕೆರೆಯಿಲ್ಲದ ಕೆರೆಬೀದಿ

ಮಕ್ಕಳೇ, ರೈಲು ಏನೇನನ್ನು ಸಾಗಿಸುತ್ತದೆ? ಜನರನ್ನು, ಅಕ್ಕಿಯನ್ನು, ಕಲ್ಲಿದ್ದಲನ್ನು ಎನ್ನುವಿರಿ. 2019ರ ಜುಲೈ ತಿಂಗಳಲ್ಲಿ ಜೋಲಾರಪೇಟೆಯಿಂದ ಚೆನ್ನೈಗೆ ಒಂದು ರೈಲು ನೀರನ್ನು ಹೊತ್ತುಕೊಂಡು ಹೋಯಿತು. 50 ವ್ಯಾಗನುಗಳು, 25 ಲಕ್ಷ ಲೀಟರ್ ನೀರು! ನಗರಕ್ಕೆ ನೀರು ಕೊಡುವ ಕೆರೆಗಳು ಆ ಬೇಸಿಗೆಯಲ್ಲಿ ಬತ್ತಿಹೋಗಿದ್ದವು.

ಅದಕ್ಕೆ ನಾಲ್ಕು ವರ್ಷ ಮೊದಲು, 2015ರ ಡಿಸೆಂಬರಿನಲ್ಲಿ, ಇದೇ ಚೆನ್ನೈ ನೀರಿನಲ್ಲಿ ಮುಳುಗಿತ್ತು. ಅಡ್ಯಾರ್ ನದಿ ಉಕ್ಕಿ ಹರಿಯಿತು. ಮಹಡಿ ಏರಿ ಕುಳಿತ ಜನರನ್ನು ದೋಣಿಗಳಲ್ಲಿ ಕರೆತಂದರು. ವಿಮಾನ ನಿಲ್ದಾಣವನ್ನೂ ಕೆಲವು ದಿನ ಮುಚ್ಚಬೇಕಾಯಿತು. ಆ ವರ್ಷ ಮಳೆ ಅತಿಯಾಗಿತ್ತು, ನಿಜ. ಆದರೆ ಬಿದ್ದ ನೀರು ನಿಲ್ಲಲು, ಇಂಗಲು ಸ್ಥಳ ಎಲ್ಲಿತ್ತು?

ಇಂದು ಅಂಗಡಿಗಳಿಂದ ತುಂಬಿರುವ ತ್ಯಾಗರಾಯನಗರದ ಕಡೆ ಒಂದು ಕಾಲದಲ್ಲಿ ಉದ್ದನೆಯ ಕೆರೆಯಿತ್ತು. 1920ರ ದಶಕದಲ್ಲಿ ಅದನ್ನು ಬರಿದುಮಾಡಿ ಬಡಾವಣೆ ಕಟ್ಟಿದರು. ಪಕ್ಕದ ಪಶ್ಚಿಮ ಮಾಂಬಲದಲ್ಲಿ 'ಲೇಕ್ ವ್ಯೂ ರೋಡ್' ಎಂಬ ಬೀದಿ ಈಗಲೂ ಇದೆ. ಕೆರೆ ಕಾಣುವ ಬೀದಿ ಎಂದು ಅದರ ಅರ್ಥ. ಹೆಸರು ಉಳಿದಿದೆ, ಕಾಣಲು ಕೆರೆಯೇ ಇಲ್ಲ! ಪಳ್ಳಿಕರಣೆಯ ಜೌಗುನೆಲವೂ ಮಳೆನೀರನ್ನು ಹಿಡಿದಿಡುತ್ತಿತ್ತು. ಕಟ್ಟಡಗಳೂ ಕಸದ ರಾಶಿಯೂ ಅದರ ಬಹುಭಾಗವನ್ನು ನುಂಗಿದವು.

ದೊಡ್ಡ ಚರಂಡಿಗಳನ್ನು ಕಟ್ಟಿದರೆ ಸಾಕು ಎನ್ನುವವರಿದ್ದಾರೆ. ಚರಂಡಿ ಬೇಕು. ಆದರೆ ಅದು ಸಿಹಿನೀರನ್ನು ಬೇಗನೆ ಸಮುದ್ರಕ್ಕೆ ಸೇರಿಸುತ್ತದೆ, ಬಾವಿಗೆ ಒಂದು ಕೊಡವನ್ನೂ ಕೊಡುವುದಿಲ್ಲ. ಆದುದರಿಂದ ಮೊದಲು ಇಂಗಿಸಬೇಕು, ಮಿಕ್ಕದ್ದನ್ನು ಹರಿಸಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ತಮಿಳುನಾಡಿನಲ್ಲಿ 2003ರಲ್ಲಿಯೇ ಎಲ್ಲ ಕಟ್ಟಡಗಳಿಗೂ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿದರು. ಮಾಳಿಗೆಯ ನೀರನ್ನು ಕೊಳವೆಯಿಂದ ಇಳಿಸಿ, ಜಲ್ಲಿ ಮರಳು ತುಂಬಿದ ಗುಂಡಿಯಲ್ಲಿ ಇಂಗಿಸುವ ಏರ್ಪಾಡು ಅದು. ಒಳ್ಳೆಯ ಕಾನೂನು. ಆದರೆ ಗುಂಡಿ ತೋಡಿ ಮರೆತರೆ ಎಲೆ, ಕೆಸರು ಕಟ್ಟಿಕೊಂಡು ಅದು ನೀರು ಕುಡಿಯುವುದಿಲ್ಲ. ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಶುಚಿಮಾಡಬೇಕು.

ನಮ್ಮ ಹೊಸೂರು 2019ರಲ್ಲಿ ಮಹಾನಗರಪಾಲಿಕೆಯಾಯಿತು. ಊರು ಬೆಳೆಯಲಿ, ಯಾರು ಬೇಡವೆಂದರು? ಕೆರೆಗಳನ್ನೂ ಅವುಗಳಿಗೆ ನೀರು ತರುವ ಕಾಲುವೆಗಳನ್ನೂ ಬಿಟ್ಟು ಬೆಳೆಯಲಿ. ಕೆರೆಯನ್ನು ಉಳಿಸಿ ಕಾಲುವೆಯ ಮೇಲೆ ಮನೆ ಕಟ್ಟಿದರೆ ಕೆರೆ ಬತ್ತುತ್ತದೆ, ಮನೆಯೊಳಗೆ ನೀರು ನುಗ್ಗುತ್ತದೆ.

ಇನ್ನು ಶಾಲೆಯ ಮಾತು. ಕೆಸರಾಗುತ್ತದೆಂದು ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಲು ಹಲವರಿಗೆ ಆಸೆ. ನಾನು ಒಪ್ಪಲಾರೆ. ಬಾಗಿಲಿನಿಂದ ತರಗತಿಯವರೆಗೆ ಕಲ್ಲು ಹಾಸಿದ ಒಂದು ಕಾಲುದಾರಿ ಸಾಕು. ನಿಮ್ಮ ಶಾಲೆಯಲ್ಲಿ ಮರದ ಬುಡದವರೆಗೂ ಸಿಮೆಂಟು ಬಳಿದಿದ್ದರೆ, ಸುತ್ತಲೂ ಎರಡು ಮೊಳ ಮಣ್ಣು ಬಿಡಿಸಿಕೊಡಿರೆಂದು ಮುಖ್ಯೋಪಾಧ್ಯಾಯರನ್ನು ಕೇಳಿರಿ.