ಚೊಗರಿಗೂ ಸೂಜಿ ಕಟ್ಟೋಣವೇ?

ಗಿಡದಿಂದ ಬಂದದ್ದು ಎಂದರೆ ಸಾಕು, ನಮ್ಮಲ್ಲಿ ಮುಂದಿನ ಪ್ರಶ್ನೆಗಳೆಲ್ಲ ನಿಂತುಬಿಡುತ್ತವೆ. ಕ್ರೀಮಿನ ಡಬ್ಬಿಯ ಮೇಲೆ ಎರಡು ಎಲೆ, ಒಂದು ಅರಿಶಿನದ ಕೊಂಬಿನ ಚಿತ್ರವಿದ್ದರೆ ಒಳಗೇನಿದೆ ಎಂದು ಕೇಳುವವರಿಲ್ಲ. ಹಚ್ಚುವ ಕಾಲದಲ್ಲಿ ಈ ಔದಾರ್ಯದಿಂದ ದೊಡ್ಡ ನಷ್ಟವೇನೂ ಇರಲಿಲ್ಲ. ಹಚ್ಚಿದ್ದರ ಬಹುಪಾಲು ಮುಖ ತೊಳೆದಾಗ ಹೋಗುತ್ತಿತ್ತು. ಈಗ ಚುಚ್ಚುವ ಕಾಲ ಬರುತ್ತಿದೆ. ಅರಿಶಿನದ ಕರ್ಕ್ಯುಮಿನ್, ಹಸಿರು ಚಹಾದ ಕೆಟೆಚಿನ್ ಮುಂತಾದ ಸಸ್ಯಜನ್ಯ ಆಂಟಿಆಕ್ಸಿಡೆಂಟುಗಳನ್ನು ಮೈಕ್ರೋನೀಡಲ್ ಪಟ್ಟಿಗಳ ಮೂಲಕ ಚರ್ಮದ ಆಳಕ್ಕೆ ಇಳಿಸುವುದು ಸಂಶೋಧಕರಿಗೆ ಮೆಚ್ಚಿನ ವಿಷಯವಾಗಿದೆ. ನಾನೂ ಪಿಎಚ್.ಡಿ. ಮಾಡುತ್ತಿರುವವಳು, ಈ ಉತ್ಸಾಹದ ನಡುವೆಯೇ ಓಡಾಡುವವಳು. ಸೂಜಿಯ ಬಗ್ಗೆ ನನಗೆ ತಕರಾರಿಲ್ಲ. ಅದರ ತುದಿಗೆ ಅಂಟಿಕೊಂಡು ಬರುತ್ತಿರುವ ‘ನೈಸರ್ಗಿಕ’ ಎಂಬ ಪದದ ಬಗ್ಗೆ ಇದೆ.

ಸೂಜಿಯ ಯೋಚನೆ ನಿಜಕ್ಕೂ ಚೆಂದದ್ದು. ಚರ್ಮದ ತೀರ ಹೊರಗಿನ ಪದರ 10ರಿಂದ 20 ಮೈಕ್ರೋಮೀಟರ್ ದಪ್ಪ, ಅಷ್ಟೆ. ಆದರೆ ಅದು ಸತ್ತ ಕೋಶಗಳನ್ನು ಇಟ್ಟಿಗೆಯಂತೆ ಜೋಡಿಸಿ, ನಡುವೆ ಕೊಬ್ಬಿನ ಗಾರೆ ತುಂಬಿದ ಗೋಡೆ. 500 ಡಾಲ್ಟನ್‌ಗಿಂತ ಭಾರವಾದ ಅಣುಗಳಿಗೆ ಈ ಗೋಡೆ ದಾಟುವುದು ಕಷ್ಟ ಎಂಬ ಲೆಕ್ಕ 2000ದಿಂದ ಚಾಲ್ತಿಯಲ್ಲಿದೆ. ಕರ್ಕ್ಯುಮಿನ್ 368 ಇದೆ. ತೂಕದಲ್ಲಿ ಪಾಸಾದರೂ ಅದು ನೀರಿನಲ್ಲಿ ಕರಗದು; ದೇಹದ್ರವದಂಥ ದ್ರಾವಣದಲ್ಲಿ ನಿಮಿಷಗಳೊಳಗೆ ಒಡೆಯತೊಡಗುತ್ತದೆ. ವಿಟಮಿನ್ ಸಿ 176 ಮಾತ್ರ, ಆದರೆ ಅದು ನೀರಿನ ನೆಂಟ. ಕೊಬ್ಬಿನ ಗಾರೆ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. 1998ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು ಸಿಲಿಕಾನ್ ಮೊನೆಗಳಿಂದ ಚರ್ಮದಲ್ಲಿ ದಾರಿ ಮಾಡಬಹುದೆಂದು ತೋರಿಸಿದರು. ಈಗಿನ ಮೊನೆಗಳನ್ನು ಹಯಲುರಾನಿಕ್ ಆಮ್ಲದಂಥ ವಸ್ತುಗಳಿಂದ ಮಾಡುತ್ತಾರೆ. ಉದ್ದ ಒಂದು ಮಿಲಿಮೀಟರಿಗಿಂತ ಕಡಿಮೆ, ನೋವು ಅತ್ಯಲ್ಪ. ಒಳಗೆ ಹೋಗಿ ಕರಗಿಬಿಡುತ್ತವೆ.

ಸರಿ, ಬಾಗಿಲು ತೆರೆಯಿತು. ಒಳಗೆ ಕಳಿಸುತ್ತಿರುವುದು ಏನನ್ನು?

ನಮ್ಮ ಪ್ರಯೋಗಾಲಯಗಳಲ್ಲಿ ಇದಕ್ಕೊಂದು ಸಿದ್ಧ ಅಡುಗೆಯಿದೆ. ಊರಿನ ಹತ್ತಿರದ ಒಂದು ಗಿಡ ತನ್ನಿ, ನೆರಳಲ್ಲಿ ಒಣಗಿಸಿ, ಮೆಥನಾಲಿನಲ್ಲಿ ಸಾರ ತೆಗೆಯಿರಿ, ಡಿಪಿಪಿಎಚ್ ದ್ರಾವಣಕ್ಕೆ ಹಾಕಿ. ನೇರಳೆ ಬಣ್ಣ ಹಳದಿಗೆ ತಿರುಗಿದರೆ ಅಧ್ಯಾಯವೊಂದು ಮುಗಿಯಿತು: ‘ಈ ಸಸ್ಯ ಉತ್ತಮ ಆಂಟಿಆಕ್ಸಿಡೆಂಟ್.’ 1958ರಿಂದ ಬಳಕೆಯಲ್ಲಿರುವ ಈ ಪರೀಕ್ಷೆ ತನ್ನ ಮಟ್ಟಿಗೆ ಪ್ರಾಮಾಣಿಕವಾದದ್ದೇ. ಆದರೆ ಡಿಪಿಪಿಎಚ್ ಎಂಬ ರಾಸಾಯನಿಕ ಮನುಷ್ಯನ ಚರ್ಮದಲ್ಲಿಲ್ಲ. ಸೀಸೆಯಲ್ಲಿ ಬಣ್ಣ ಬದಲಾದದ್ದಕ್ಕೂ ಸುಕ್ಕು ಹೋಗುವುದಕ್ಕೂ ನಡುವೆ ಸೇತುವೆ ಕಟ್ಟಿದವರಿಲ್ಲ. ಪ್ರಬಂಧದ ಕೊನೆಯ ಪ್ಯಾರಾದಲ್ಲಿ ಮಾತ್ರ ಎಲ್ಲರೂ ಅದರ ಮೇಲೆ ನಡೆದುಹೋಗುತ್ತಾರೆ. ಆಹಾರಗಳ ಆಂಟಿಆಕ್ಸಿಡೆಂಟ್ ಬಲವನ್ನು ಅಂಕಿಗಳಲ್ಲಿ ಕೊಡುತ್ತಿದ್ದ ತನ್ನ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಹಿಂತೆಗೆದುಕೊಂಡಿತು. ಕಂಪನಿಗಳು ಅದನ್ನು ಜಾಹೀರಾತಿಗೆ ದುರುಪಯೋಗ ಮಾಡುತ್ತಿದ್ದವು. ಅದಕ್ಕೂ ಮೊದಲು, ಫಿನ್ಲೆಂಡಿನಲ್ಲಿ 29,133 ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಂದಿತ್ತು. ಎಲ್ಲರೂ ಸಿಗರೇಟು ಸೇದುವವರು. ಬೀಟಾ ಕೆರೋಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ 18ರಷ್ಟು ಹೆಚ್ಚಾಗಿತ್ತು.

ನಮ್ಮ ಜಿಲ್ಲೆಯದ್ದೇ ಒಂದು ಉದಾಹರಣೆ ಕೊಡುತ್ತೇನೆ. ಚನ್ನಗಿರಿ ಕಡೆ ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಪು ಚೊಗರು ನಿಮಗೆ ಗೊತ್ತಿರಬಹುದು. ಅದರ ತುಂಬ ಟ್ಯಾನಿನ್, ಕೆಟೆಚಿನ್ ಜಾತಿಯ ಪಾಲಿಫಿನಾಲುಗಳು. ಡಿಪಿಪಿಎಚ್ ಪರೀಕ್ಷೆಗೆ ಹಾಕಿದರೆ ಅದು ಸೋಲುವ ಪೈಕಿಯಲ್ಲ. ಸ್ಥಳೀಯ, ಸಸ್ಯಜನ್ಯ, ಸಾಂಪ್ರದಾಯಿಕ ಎಂಬ ಮೂರೂ ಬಿರುದು ಅದಕ್ಕುಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅದೇ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅದು ಅಗಿಯುವುದರಿಂದ ಆಗುವ ಹಾನಿ, ಚೊಗರಿನ ಒಂದು ಅಣುವನ್ನು ಬೇರ್ಪಡಿಸಿದರೆ ಕಥೆ ಬೇರೆಯಾಗಬಹುದು ಎಂದು ನೀವು ವಾದಿಸಬಹುದು. ಖಂಡಿತ. ಆದರೆ ಯಾವ ಅಣು, ಎಷ್ಟು, ಯಾವ ದಾರಿಯಿಂದ ಎಂಬ ಆ ವಾದ ಶುರುವಾದ ಕ್ಷಣದಲ್ಲೇ ‘ನೈಸರ್ಗಿಕ’ ಎಂಬ ಪದಕ್ಕೆ ಕೆಲಸವಿಲ್ಲದಂತಾಗುತ್ತದೆ.

ಗೋಡೆಯ ಹೊರಗೆ ಸಾಧುವಾಗಿದ್ದದ್ದು ಒಳಗೂ ಸಾಧುವಾಗಿರಬೇಕೆಂದಿಲ್ಲ. ಸೂಜಿ ಚುಚ್ಚುವ ಚಿಕಿತ್ಸೆಯ ಜೊತೆ ವಿಟಮಿನ್ ಸಿ ಸೀರಮ್ಮಿನಂಥವನ್ನು ಮುಖಕ್ಕೆ ಹಚ್ಚಿಸಿಕೊಂಡ ಮೂವರು ಮಹಿಳೆಯರ ಚರ್ಮದಲ್ಲಿ ಗಂಟುಗಳೆದ್ದ ಪ್ರಕರಣಗಳನ್ನು 2014ರಲ್ಲಿ ಚರ್ಮವೈದ್ಯರ ಪತ್ರಿಕೆಯೊಂದು ವರದಿ ಮಾಡಿತು. ನಮ್ಮ ಕಾನೂನು ಇದಕ್ಕೆ ಸಿದ್ಧವಾಗಿದೆಯೇ? 1940ರ ಔಷಧ ಕಾಯ್ದೆಗೆ 1962ರಲ್ಲಿ ಸೌಂದರ್ಯವರ್ಧಕಗಳು ಸೇರಿದವು. ಉಜ್ಜುವ, ಸುರಿಯುವ, ಸಿಂಪಡಿಸುವ ವಸ್ತುಗಳ ಜೊತೆಗೆ ದೇಹದೊಳಗೆ ಸೇರಿಸುವ ವಸ್ತುವೂ ಆ ವ್ಯಾಖ್ಯಾನದಲ್ಲಿ ಬರುತ್ತದೆ. ಅದನ್ನು ಬರೆದವರ ಮನಸ್ಸಿನಲ್ಲಿ ಕರಗುವ ಸೂಜಿ ಇರಲು ಸಾಧ್ಯವಿರಲಿಲ್ಲ. ಚರ್ಮದ ಜೀವಂತ ಪದರಕ್ಕೆ ಇಳಿಯುವ ಯಾವುದನ್ನೇ ಆಗಲಿ ಔಷಧಿಯ ಅಳತೆಗೋಲಿನಿಂದಲೇ ಅಳೆಯಬೇಕೆಂಬುದು ನನ್ನ ವಾದ, ಅದು ಅಜ್ಜಿಯ ಹಿತ್ತಲಿನದಾದರೂ.

ಇಷ್ಟಕ್ಕೂ ಇದು ಯಾರ ಚರ್ಮಕ್ಕೆ? ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯ ಸುತ್ತ ನಾಟಿ ಶುರುವಾದರೆ ಹೆಂಗಸರು ದಿನವಿಡೀ ಕೆಸರಲ್ಲಿ ಬಗ್ಗಿ ನಿಲ್ಲುತ್ತಾರೆ. ಬೆನ್ನು ಬಿಸಿಲಿಗೆ, ಕಾಲು ನೀರಿಗೆ. ಹಿಮ್ಮಡಿ ಬಿರಿಯುತ್ತದೆ, ಬೆರಳ ಸಂದಿ ಹುಣ್ಣಾಗುತ್ತದೆ. ಈ ಪಟ್ಟಿಗಳ ಬಗ್ಗೆ ನಾನು ವಿವರಿಸಿದಾಗ ನಮ್ಮ ದೊಡ್ಡವ್ವ ಕೇಳಿದ್ದು, “ಬೆವರಿಗೆ ನಿಲ್ತತೇನವ್ವಾ ಅದು?” ನಾನು ಓದಿದ ಎಷ್ಟೋ ಪ್ರಬಂಧಗಳು ಕೇಳದ ಪ್ರಶ್ನೆ. ಬಿಳುಪು, ಹೊಳಪು, ಸುಕ್ಕು ಎಂದು ಬರೆಯುವ ನಾವು ಯಾರ ಮುಖ ನೆನೆದು ಬರೆಯುತ್ತಿದ್ದೇವೆ ಎಂಬುದು ಆ ಪದಗಳಲ್ಲೇ ಇದೆ.

ಇದೇ ತಂತ್ರ ಬೇರೆ ಕಡೆ ಬೇರೆ ಕೆಲಸ ಮಾಡುತ್ತಿದೆ. ಆಫ್ರಿಕಾದ ಗ್ಯಾಂಬಿಯಾದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯನ್ನು ಮೈಕ್ರೋನೀಡಲ್ ಪಟ್ಟಿಯಲ್ಲಿ ಮಕ್ಕಳಿಗೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಮಾಮೂಲಿ ಚುಚ್ಚುಮದ್ದಿಗೆ ಹೋಲಿಸಬಹುದಾದ ಪ್ರತಿರೋಧ ಶಕ್ತಿ ಮಕ್ಕಳಲ್ಲಿ ಕಂಡಿತ್ತು. ಅಲ್ಲಿ ಪಟ್ಟಿಗೆ ಎಷ್ಟು ಪ್ರಮಾಣ ಹಿಡಿಯುತ್ತದೆ ಎಂಬ ಲೆಕ್ಕವಿತ್ತು, ಹೋಲಿಸಲು ಇನ್ನೊಂದು ಗುಂಪಿತ್ತು. ಲಸಿಕೆಗೆ ಅತ್ಯಲ್ಪ ಪ್ರಮಾಣ ಸಾಕು, ಈ ಪುಟ್ಟ ಮೊನೆಗಳಿಗೆ ಹಿಡಿಯುವುದೂ ಅಷ್ಟೆ. ಗಿಡದ ಸಾರಕ್ಕೂ ಅಷ್ಟೇ ಸಾಕೇ? ಎಷ್ಟು ಮೈಕ್ರೋಗ್ರಾಂ, ಯಾವ ಆಳಕ್ಕೆ, ಎಷ್ಟು ದಿನ, ಯಾರ ಚರ್ಮದ ಯಾವ ತೊಂದರೆಗೆ ಎಂದು ಮೊದಲ ಪುಟದಲ್ಲೇ ಹೇಳಲಾಗದ ಪ್ರಸ್ತಾವನೆಗಳನ್ನು ನಮ್ಮ ಡಾಕ್ಟರಲ್ ಸಮಿತಿಗಳು ವಾಪಸು ಕಳಿಸಲಿ.